ಅಂಕಲಿ ಅಜ್ಜನ ಕಾಲು, ನನ್ನ ಹೊಟ್ಟಿಕಿಚ್ಚು

ದವಾಖಾನಿಯ ಡ್ರೆಸಿಂಗ್ ಖೋಲ್ಯಾಗ ನಗೂವಂಥಾದ್ದು ಏನಿರತೈತಿ ಅಂತ ಮಂದಿ ಕೇಳತಾರ. ರಾಯಬಾಗ ಕಡೆ ಒಂದು ಸಣ್ಣ ದವಾಖಾನ್ಯಾಗ ಇಪ್ಪತ್ತು ವರ್ಷ ಗಾಯ ತೊಳದು ಪಟ್ಟಿ ಕಟ್ಟಿದಾಂವ ನಾನು. ದಿನಾ ಒಂದಿಲ್ಲೊಂದು ನಡದ ನಡೀತಿತ್ತು. ನಕ್ಕವರು ಬ್ಯಾರೇದವರು, ಹೊಟ್ಟಿ ಉರಕೊಂಡಾಂವ ಮಾತ್ರ ನಾನ.

೧. ಬಸ್ಸಿನಾಗ ಸೀಟು

ಅಂಕಲಿಯಿಂದ ಒಬ್ಬ ಅಜ್ಜ ಬರತಿದ್ದ. ಕಾಲಿನ ನರ ಉಬ್ಬಿ, ಹಿಮ್ಮಡದ ಮ್ಯಾಲೆ ಅಂಗೈಯಷ್ಟು ಗಾಯ ಆಗಿತ್ತು. ಎಂಟು ವರ್ಷ ಆದರೂ ಮಾಯಲಿಲ್ಲ. ಅದರಿಂದ ರಸಿಗಿ ಒಂದ ಸವನ ಸೋರತಿತ್ತು. ನಾ ಎಷ್ಟ ಹತ್ತಿ ಇಟ್ಟು ಕಟ್ಟಿದರೂ ಮಧ್ಯಾಹ್ನದಾಗ ಪಟ್ಟಿ ತೊಯ್ದು ಧೋತರಕ್ಕ ಇಳೀತಿತ್ತು. ಹಿಂಗಾಗಿ ದಿನಾ ಬರಬೇಕು. ಬಂದಾಂವ ನನ್ನ ಕೈಯಾಗ ಕಾಲು ಕೊಟ್ಟು, "ತಮ್ಮಾ, ನಿನ್ನ ಕೈ ಹಗೂರ ಐತಿ ನೋಡು. ಬ್ಯಾರೇದವರಿಗೆ ಮುಟ್ಟಗೊಡೂದಿಲ್ಲ" ಅಂತಿದ್ದ. ಅಷ್ಟು ಕೇಳಿದರ ಸಾಕು, ನನಗ ಪಗಾರ ಹೆಚ್ಚಾದಷ್ಟು ಖುಷಿ.

"ಅಷ್ಟು ರಶ್ ಬಸ್ಸಿನಾಗ ದಿನಾ ಹೆಂಗ ಬರತಿ ಅಜ್ಜಾ?" ಅಂತ ಒಮ್ಮೆ ಕೇಳಿದೆ.

"ನನಗೇನ ರಶ್ಶೋ! ಕಾಲಿನ ವಾಸನಿ ಬಡೀತಂದ್ರ ಮೂರು ಸೀಟು ಖಾಲಿ ಮಾಡತಾರ. ಎಂಎಲ್ಎನೂ ಇಷ್ಟು ಆರಾಮ ಕುಂತು ಬರೂದಿಲ್ಲ."

೨. ತೊಳದ ಸ್ಪಂಜು

ಎರಡು ಸಾವಿರದ ಹತ್ತರ ಸುಮಾರಿಗೆ ನಿಪ್ಪಾಣಿ ಕಡಿಂದ ಹೊಸ ಸಿಸ್ಟರ್ ಬಂದರು. ಬಂದವರ ನನ್ನ ಹತ್ತಿ ಬಾಜೂಕ ಸರಿಸಿ, ಸ್ಪಂಜಿನಂಥ ಒಂದು ಪಟ್ಟಿ ತಗದರು. "ಆಜೋಬಾ, ಇದು ರಸಿಗೀನ ಹೀರಿ ತನ್ನೊಳಗ ಇಟ್ಕೋತೈತಿ. ಮ್ಯಾಲೆ ಬಿಗಿ ಪಟ್ಟಿ ಸುತ್ತತೀನಿ. ಮೂರು ದಿನಾ ಬಿಚ್ಚಬ್ಯಾಡ್ರಿ" ಅಂದರು.

ಮರಾಠ್ಯಾಗ ಅಜ್ಜಾರ ಅನ್ನೂವಂಗ ಆಜೋಬಾ ಅಂದದ್ದಕ್ಕ ಅಜ್ಜ ಕರಗಿ ಹೋದ. ನನ್ನ ಕೈಯಾಗಿನ ಕಾಲು ಬಿಡಿಸಿಕೊಂಡು ಅವರ ಕಡೆ ಚಾಚಿದ! ಬ್ಯಾರೇದವರಿಗೆ ಮುಟ್ಟಗೊಡದ ಕಾಲು ಅದು. ಮುಂದ ಮೂರು ದಿನಾ ಅವನ ಸುದ್ದಿಲ್ಲ. ಒಂದು ತುಂಡು ಸ್ಪಂಜಿನ ಮ್ಯಾಲೆ ಹೊಟ್ಟಿಕಿಚ್ಚು ಪಟ್ಟಾಂವ ಈ ಭೂಮಿ ಮ್ಯಾಲೆ ನಾ ಒಬ್ಬನ ಇರಬೇಕು.

ನಾಕನೇ ದಿನಾ ಬಂದು, ಅಂಗಿ ಕಿಸೆದಿಂದ ಆ ಸ್ಪಂಜ ತಗದ. ಸಾಬಣ ಹಚ್ಚಿ ತೊಳದು, ಹಗ್ಗದ ಮ್ಯಾಲೆ ಒಣಗಿಸಿದ್ದ. "ಹೊಸಾದರ ಹಂಗ ಆಗೈತಿ. ಇದನ್ನ ಕಟ್ರಿ ಸಿಸ್ಟರ್ ಬಾಯಾರ."

ನನಗ ಹಾಲು ಕುಡದಷ್ಟು ಸಂತೋಷ ಆತು. ಈಗ ಬಿತ್ತು ನೋಡು ಬೈಗಳ ಅಂತ ಕಾದೆ. ಸಿಸ್ಟರ್ ಮೆಲ್ಲಕ, "ಇದು ಒಮ್ಮೆ ಬಳಸಿ ಒಗಿಯೂದ್ರಿ. ತೊಳೀರಿ ಅಂತ ನಿಮಗ ಕಲಿಸಿದವರು ಯಾರು?" ಅಂದರು.

ಅಜ್ಜ ನನ್ನ ಕಡೆ ಬೊಟ್ಟು ಮಾಡಿದ. ಎಂಟು ವರ್ಷ, "ಸುತ್ತೂ ಪಟ್ಟಿ ತೊಳಕೊಂಡ ಬಾ" ಅಂತ ಗಂಟಲ ಹರಕೊಂಡಾಂವ ನಾನ! ಬೈಗಳ ಬಿದ್ದವು, ಆದರ ನನಗ.

೩. ಕಾಲಿಗೊಂದು ಗಾದಿ

ಒಮ್ಮೆ ಸಿಸ್ಟರ್ ರಜಾ ಹಾಕಿದ ದಿನಾನ ಅಜ್ಜ ಬಂದ. ಇವತ್ತ ತೋರಸ್ತೀನಿ ಅಂತ, ಸ್ಪಂಜ ಕಪಾಟದಾಗ ಬಿಟ್ಟು ಅರ್ಧ ಬಂಡಲ್ ಹತ್ತಿ ಸುತ್ತಿದೆ. ಕಾಲು ಹೋಗಿ ಗಾದಿ ಆತು. "ಇದೂ ಮೂರು ದಿನಾ ಸೋರೂದಿಲ್ಲ, ಹೋಗು" ಅಂದೆ.

ಮರುದಿನಾನ ಅಜ್ಜ ಹಾಜರ. ಒಂದು ಚಪ್ಪಲಿ ಕಾಲಾಗ, ಇನ್ನೊಂದು ಬಗಲಾಗ. ಹತ್ತಿ ಎಲ್ಲಾ ತೊಯ್ದು ತೊಪ್ಪಿ ಆಗಿತ್ತು, ಸುತ್ತಲಿನ ತೊಗಲು ನೆನದು ಬೆಳ್ಳಗಾಗಿತ್ತು. ಅದನ್ನ ನೋಡಿ ನನಗ ಖರೇನ ನಾಚಿಕಿ ಬಂತು. ಸುಮ್ಮನ ಕಪಾಟಿನ ಸ್ಪಂಜ ತಗದು ಕಟ್ಟಿ, "ಸಿಸ್ಟರಿಗೆ ಹೇಳಬ್ಯಾಡ ಮತ್ತ" ಅಂದೆ.

"ನಾ ಯಾಕ ಹೇಳಲಿ? ಬಸ್ಸಿಗೆ ಬಸ್ಸ ನೋಡೈತಿ. ಆ ಕಂಡಕ್ಟರ್ ಗಂಟಿಗೆ ಲಗೇಜ್ ತಿಕೀಟು ತಗಿ ಅಂತಾನ. ಇದು ನನ್ನ ಕಾಲಪಾ ಅಂದ್ರ ನಂಬವಲ್ಲ!"

೪. ಇನ್ನೊಂದು ಕಾಲು

ಆರು ತಿಂಗಳಿಗೆ ಗಾಯ ಪೂರಾ ಮಾದು ಹೋತು. ಅಜ್ಜ ಸದಲಗಾದಿಂದ ಪೇಢೆ ತಂದು, ಡಬ್ಬಿ ಸಿಸ್ಟರ್ ಕೈಯಾಗ ಕೊಟ್ಟ. ನನಗ ಒಂದ ಪೇಢೆ. ಎಂಟು ವರ್ಷಕ್ಕ ಒಂದ! ಸಿಟ್ಟಿಲೆ ತಿಂದೆ. ಅಂವ ಇನ್ನ ಬರೂದಿಲ್ಲಲಾ ಅಂತ ಡ್ರೆಸಿಂಗ್ ಖೋಲಿ ಭಣಭಣ ಅನಸಾಕತ್ತಿತು.

ಎಂಟು ದಿನಾ ಬಿಟ್ಟು ನೋಡಿದರ ಅಜ್ಜ ಬಾಗಲಾಗ ನಿಂತಾನ.

"ಯಾಕ ಅಜ್ಜಾ, ಮತ್ತ ಸೋರಾಕತ್ತೈತೇನು?"

"ಏನಿಲ್ಲೋ, ಸುಮ್ಮನ ಬಂದೆ. ಅಂಕಲಿಯಿಂದ ನಿಂತ ಬಂದೀನಿ. ಒಬ್ಬನರೆ ಎದ್ದು ಸೀಟು ಕೊಡವಲ್ಲ."

ಒಳಗ ಬಂದು ನೋಡತಾನ, ಅವನ ಸ್ಟೂಲಿನ ಮ್ಯಾಲೆ ಅಥಣಿ ಕಡೆ ಅಜ್ಜ ಇನ್ನೊಬ್ಬ ಕುಂತಿದ್ದ. ನಾ ಅವನ ಪಟ್ಟಿ ಬಿಚ್ಚಾಕತ್ತಿದ್ದೆ. ಅಥಣಿ ಅಜ್ಜ, "ನಿನ್ನ ಕೈ ಭಾಳ ಹಗೂರ ಐತಿ ತಮ್ಮಾ" ಅಂದುಬಿಟ್ಟ.

ನಮ್ಮ ಅಜ್ಜನ ಮಾರಿ ಸಣ್ಣಾತು. ಸ್ಟೂಲು ನೋಡಿದ, ನನ್ನ ಕೈ ನೋಡಿದ. "ನನಗ ಎಂಟು ವರ್ಷದಾಗ ಒಮ್ಮೆರೆ ಇಷ್ಟು ಹಗೂರ ಬಿಚ್ಚಿದ್ದೇನು ನೀ?" ಅಂದ.

ಆರು ತಿಂಗಳು ಉರದ ನನ್ನ ಹೊಟ್ಟಿ ಆ ಒಂದ ಮಾತಿಗೆ ತಣ್ಣಗಾತು. ಆದರೂ ಬಿಗಿ ಬಿಡಲಿಲ್ಲ. "ನಿನ್ನ ಕಾಲು ಸಿಸ್ಟರ್ ಆರಾಮ ಮಾಡ್ಯಾರಲಾ, ಮನಿಗೆ ಹೋಗು" ಅಂದೆ.

ಅಜ್ಜ ಬೆಂಚಿನ ಮ್ಯಾಲೆ ಕುಂತು, ಧೋತರ ಮ್ಯಾಲೆತ್ತಿದ.

"ಅದು ಸಿಸ್ಟರದು, ಬಿಡು. ಇನ್ನೊಂದು ಐತಲ್ಲೋ, ಇದನ್ನರೆ ನೀ ಸ್ವಲ್ಪ ನೋಡು!"