ಬುರುಡೆ ನಾದ

"ಅರ್ಧ ಗಂಟೆ ಯಾರೂ ಸದ್ದು ಮಾಡಬೇಡಿ" ಎಂದು ಬೀದಿಯವರನ್ನು ಕೇಳಿಕೊಂಡದ್ದೇ ಪ್ರಯೋಗಾಲಯದ ಸಹಾಯಕ ಮಾಡಿದ ತಪ್ಪು.

ಸೋರೆ ಬುರುಡೆಯ ತಂತಿವಾದ್ಯ ಮಾಡುವವರಲ್ಲಿ ಉಳಿದದ್ದು ಈ ಬೀದಿಯ ಅಜ್ಜ ಒಬ್ಬರೇ. ಅವರು ಕೆತ್ತಿದ ಬುರುಡೆ ಹೇಗೆ ಮಿಡಿಯುತ್ತದೆ ಎಂಬುದನ್ನು ಅವರ ಕೋಣೆಯಲ್ಲೇ ಧ್ವನಿಮುದ್ರಣದ ಯಂತ್ರದಲ್ಲಿ ಹಿಡಿದಿಟ್ಟರೆ ಮುಂದೆ ಬೇರೆಯವರೂ ಕಲಿಯಬಹುದು. "ಇವತ್ತೂ ಬರಿಗೈಲಿ ಬಂದ್ಯೋ, ನೋಡ್ತಿರು!" ಎಂದು ಮೇಲಧಿಕಾರಿ ಬೆಳಿಗ್ಗೆಯೇ ಗದರಿಸಿದ್ದರು.

ಬೀದಿಯವರೋ ಸಹಕಾರದ ಮೂರ್ತಿಗಳು. "ಶ್!" ಎಂದು ದರ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದ.

"ನೀನೇ ಸುಮ್ನಿರಯ್ಯ, ಒಳಗೆ ವಿಜ್ಞಾನ ನಡೀತಿದೆ!" ಅಜ್ಜನ ತಂಗಿ ಅವನಿಗಿಂತ ಜೋರಾಗಿ ಕೂಗಿದರು.

ಯಾರೋ ನಾಯಿಗೆ ಬುದ್ಧಿ ಹೇಳಿದರು. ನಾಯಿ ಉತ್ತರ ಕೊಟ್ಟಿತು. ಯಂತ್ರದ ಮುಳ್ಳು ಕಟ್ಟು ಬಿಚ್ಚಿದ ಕರುವಿನ ಹಾಗೆ ಕುಣಿಯಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ಗಂಟಲೂ ಕಟ್ಟಿ, ಬೀದಿ ತಾನಾಗಿಯೇ ಮೌನವಾಯಿತು. ಕಿಟಕಿಯ ಬಿಸಿಲಿನಲ್ಲಿ ಮರದ ಹುಡಿ ಬಂಗಾರದ ಮಂಜಿನಂತೆ ತೇಲುತ್ತಿತ್ತು. ಸಹಾಯಕ ಗುಂಡಿ ಒತ್ತಿ, ತಂತಿ ಮೀಟಲು ಕೈ ಚಾಚಿದ. ಕೈ ಅಲ್ಲೇ ನಿಂತಿತು. ತಾನೇ ಬುರುಡೆಯಾಗಿ ಬಳ್ಳಿಯಲ್ಲಿ ಜೋತುಬಿದ್ದಂತೆ, ಗಾಳಿ ಮೆಲ್ಲಗೆ ತೂಗಿದಂತೆ, ಎಲೆಗಳಾಚೆ ಹೊಳೆಯೊಂದು ಹಾಡುತ್ತ ಹರಿದಂತೆ...

"ಏಳಪ್ಪಾ, ನಿಮ್ಮ ಸಾಹೇಬ್ರು ಬಂದಿದ್ದಾರೆ!" ಅಜ್ಜ ಭುಜ ಅಲುಗಿಸಿದರು.

ಮೇಲಧಿಕಾರಿ ಆಗಲೇ ಯಂತ್ರಕ್ಕೆ ಕಿವಿಗೊಟ್ಟಿದ್ದರು. ಮೊದಲು ಸಹಾಯಕನ ಗೊರಕೆ. ಅದಕ್ಕೆ ಓಗೊಟ್ಟಂತೆ, ಯಾರೂ ಮುಟ್ಟದ ತಂತಿಗಳಿಂದ ಎದ್ದ ಆಳವಾದ ನಾದ.

ಅಜ್ಜನ ಕಣ್ಣು ಒದ್ದೆಯಾಯಿತು. "ನಮ್ಮಪ್ಪ ಮಾಡಿದ ವಾದ್ಯ ಹೀಗೇ ನುಡೀತಿತ್ತು. ನನ್ನದ್ರಲ್ಲೂ ಇದೆ ಅಂತ ಗೊತ್ತೇ ಇರ್ಲಿಲ್ಲ."

"ಬುರುಡೆ ಪೂರ್ತಿ ಮಿಡಿದಿದೆ!" ಮೇಲಧಿಕಾರಿ ಹಿಗ್ಗಿದರು. "ಆದ್ರೆ ಒಂದು ಸಲ ಬಂದ್ರೆ ಸಾಲದು, ಇನ್ನೊಂದು ಸಲಾನೂ ಬರ್ಬೇಕು. ಮಲಕ್ಕೋ!"

ಅಜ್ಜನ ತಂಗಿ ದಿಂಬು ತಂದರು, ದರ್ಜಿ ಹೊದಿಕೆ ತಂದ. ಬೀದಿಗೆ ಬೀದಿಯೇ ಕಿಟಕಿಗೆ ಮುಖವಿಟ್ಟು ಉಸಿರು ಬಿಗಿಹಿಡಿಯಿತು. ಅಷ್ಟು ಕಣ್ಣುಗಳ ಮುಂದೆ ನಿದ್ದೆ ಎಲ್ಲಿಂದ ಬರಬೇಕು? ಸಹಾಯಕ ಮಗ್ಗುಲು ಬದಲಿಸಿದ. ಸುಳ್ಳು ಗೊರಕೆ ಹೊಡೆದ. ತಂತಿ ಮಿಸುಕಲಿಲ್ಲ.

ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಕೋಣೆಯಲ್ಲಿ ನಿಜವಾದ ಗೊರಕೆ ಕೇಳಿತು. ತಂತಿಗಳು ಗುಂಯ್ ಎಂದವು. ಸಹಾಯಕ ತಲೆಯೆತ್ತಿ ನೋಡಿದ. ಕುರ್ಚಿಗೊರಗಿದ ಮೇಲಧಿಕಾರಿ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು.

ಎದ್ದವರು ಯಂತ್ರಕ್ಕೆ ಕಿವಿಗೊಟ್ಟು ಎದೆಯುಬ್ಬಿಸಿದರು. "ನೋಡಿದ್ಯಾ? ಸಂಶೋಧನೆಗೆ ಏಕಾಗ್ರತೆ ಬೇಕು ಕಣೋ, ಏಕಾಗ್ರತೆ! ನಾಳೆಯಿಂದ ನಾನೇ ಮಲಗ್ತೀನಿ. ನೀನು ಎಚ್ಚರವಾಗಿ ಕೂತು ಗುಂಡಿ ಒತ್ತು."

ಸಹಾಯಕನಿಗೆ ಆ ಕ್ಷಣದಲ್ಲೇ ತಡೆಯಲಾರದ ಆಕಳಿಕೆ ಬಂತು.