ಮಾತ್ರೆ ಡಬ್ಬಿಯ ಇಂಜಿನ್

ಇಂಜಿನ್ನಿಗೆ ಬಳಿದ ಹಸಿರು ಬಣ್ಣ ವಿಪರೀತ ಚೆನ್ನಾಗಿ ಕೂತದ್ದೇ ಎಲ್ಲ ತಾಪತ್ರಯಕ್ಕೂ ಮೂಲವಾಯಿತು.

ಅಂಗೈ ಉದ್ದದ ಆ ಇಂಜಿನ್ನನ್ನು ಮಾಡಿದವರು ನೀರು ಸರಬರಾಜು ಕಚೇರಿಯ ಗುಮಾಸ್ತರು. ಹಿಂದೆ ಕಲ್ಲುಗಣಿಗಳಲ್ಲಿ ಕಿರಿದಾದ ಹಳಿಗಳ ಮೇಲೆ ಏದುಸಿರು ಬಿಡುತ್ತ ಓಡುತ್ತಿದ್ದ ನ್ಯಾರೋಗೇಜ್ ಇಂಜಿನ್ನಿನ ಮಾದರಿ ಅದು. ಬಣ್ಣ ಒಂದನ್ನು ಬಿಟ್ಟರೆ ಅದರಲ್ಲಿ ಅಂಗಡಿಯಿಂದ ತಂದದ್ದು ಏನೂ ಇರಲಿಲ್ಲ. ಬಾಯ್ಲರು ಖಾಲಿಯಾದ ಮಾತ್ರೆ ಡಬ್ಬಿ, ಹೊಗೆಕೊಳವೆ ಪೆನ್ನಿನ ಮುಚ್ಚಳ, ಡ್ರೈವರ್ ನಿಲ್ಲುವ ಗೂಡು ಬಿಸ್ಕತ್ತಿನ ತಗಡು, ಮೋಟಾರು ಕೆಟ್ಟ ಆಟಿಕೆ ಕಾರಿನದು. ಹಲ್ಲುಚಕ್ರಗಳನ್ನು ಎದುರುಮನೆಯ ಗಡಿಯಾರ ರಿಪೇರಿಯವರು ಕೊಟ್ಟಿದ್ದರು. ಸಣ್ಣ ಕೊಳವೆಗಳಿಗೆ ಬಳಸಿದ ತಂತಿ, ಮಹಡಿಮನೆಯ ದಂತವೈದ್ಯೆ ಯಾರದೋ ಉಬ್ಬುಹಲ್ಲಿಗೆ ಕಟ್ಟಿ ಉಳಿಸಿದ್ದು. ತಗಡಿನ ಹಿಂದಿನಿಂದ ಗುಂಡುಸೂಜಿ ಒತ್ತಿ ಎಬ್ಬಿಸಿದ ರಿವೆಟ್ಟುಗಳು ಮಾತ್ರ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಅವನ್ನು ಗುಮಾಸ್ತರು ದಿನಕ್ಕೊಮ್ಮೆಯಾದರೂ ಬೆರಳಿನಿಂದ ಸವರಿ ನೋಡುತ್ತಿದ್ದರು.

ಇಷ್ಟೆಲ್ಲ ಮಾಡಿದ್ದು ಮಾವನಿಗೆ ತೋರಿಸಲೆಂದೇ. ಮಾವನವರದು ಸ್ವಂತ ಲೇತ್ ಕಾರ್ಖಾನೆ. ಮದುವೆಯಾದ ಹೊಸತರಲ್ಲಿ ಅಳಿಯ ಹೊಡೆದ ಮೊಳೆಗೆ ಅವರು ಕೋಟು ತಗುಲಿಸಿದಾಗ ಕೋಟು, ಮೊಳೆ, ಗೋಡೆಯ ಗಾರೆ ಮೂರೂ ಒಟ್ಟಿಗೆ ಕೆಳಗೆ ಬಂದಿದ್ದವು. ಅಂದಿನಿಂದ "ಅಳಿಯಂದಿರ ಕೈ ಪೆನ್ನು ಹಿಡಿಯೋಕಷ್ಟೇ ಲಾಯಕ್ಕು" ಎಂದು ಬಂಧುಬಳಗಕ್ಕೆಲ್ಲ ಹೇಳಿಕೊಂಡು ಬಂದಿದ್ದರು. ಮಾದರಿ ರೈಲುಗಳ ಪ್ರದರ್ಶನವಿದ್ದ ದಿನವೇ ಸಂಜೆ ಅವರು ಮಗಳನ್ನು ನೋಡಲು ಬರುವವರಿದ್ದರು. ಅಷ್ಟರೊಳಗೆ ಅಲ್ಲಿ ಬಹುಮಾನ ಗೆದ್ದು ತಂದು ಇಟ್ಟುಬಿಡಬೇಕೆಂಬುದು ಗುಮಾಸ್ತರ ಹಟ.

ಬೆಳಿಗ್ಗೆ ಸಭಾಂಗಣಕ್ಕೆ ಹೋಗಿ ನೋಡಿದರೆ, ಅವರ ಇಂಜಿನ್ನನ್ನು 'ಅಂಗಡಿಯಲ್ಲಿ ಕೊಂಡವು' ಎಂಬ ಮೇಜಿನ ಮೇಲೆ ಇಟ್ಟಿದ್ದರು.

"ಸ್ವಾಮಿ, ಇದು ನಾನು ಕೈಯಾರೆ ಮಾಡಿದ್ದು," ಎಂದರು ಗುಮಾಸ್ತರು.

ಪ್ರದರ್ಶನ ನಡೆಸುತ್ತಿದ್ದ ಸಂಘದ ಕಾರ್ಯದರ್ಶಿ ಕನ್ನಡಕ ಹಣೆಗೇರಿಸಿ ನೋಡಿದರು. "ಕೈಯಲ್ಲಿ ಮಾಡಿದ್ದು ಎಲ್ಲಾದರೂ ಒಂಚೂರು ಸೊಟ್ಟಗಿರುತ್ತೆ. ಇದರಲ್ಲಿ ಎಲ್ಲೂ ಸೊಟ್ಟ ಇಲ್ಲವಲ್ರೀ."

ಹೊಗಳಿಕೆಯೋ ಆರೋಪವೋ ತಿಳಿಯದೆ ಗುಮಾಸ್ತರು ಹಿಗ್ಗಿ ಬೆವರಿದರು. ಪ್ರದರ್ಶನ ನೋಡಲು ಜೊತೆಗೆ ಬಂದಿದ್ದ ನೆರೆಹೊರೆಯವರಿಬ್ಬರು ಸಾಕ್ಷಿಗೆ ನಿಂತರು.

"ನಾನು ಹೇಳ್ತೀನಿ ಕೇಳಿ," ಎಂದು ಗಡಿಯಾರ ರಿಪೇರಿಯವರು ಮುಂದೆ ನುಗ್ಗಿದರು. "ಹಲ್ಲುಚಕ್ರ ನನ್ನದು. ಅದಿಲ್ಲದೆ ಇದು ಒಂದು ಗೇಣೂ ಚಲಿಸೋದಿಲ್ಲ. ಒಂದು ಲೆಕ್ಕದಲ್ಲಿ ನಾನೇ ಮಾಡಿದೆ ಅನ್ನಿ."

"ಹಾಗಾದ್ರೆ ತಂತಿ?" ಎಂದರು ದಂತವೈದ್ಯೆ. "ಬಗ್ಗಿಸೋದು ಹೇಗೆ ಅಂತ ಹೇಳಿಕೊಟ್ಟಿದ್ದು ಯಾರು? ಅರ್ಧ ಕೆಲಸ ನನ್ನದೇ."

"ಅರ್ಧ ಅಂದ್ರೆ ಜಾಸ್ತಿಯಾಯ್ತು ಡಾಕ್ಟ್ರೇ. ಕಾಲುಭಾಗ ಇಟ್ಕೊಳ್ಳಿ."

ಇಬ್ಬರೂ ಆಸ್ತಿ ಪಾಲಿಗೆ ಕೂತ ದಾಯಾದಿಗಳಂತೆ ವಾದಕ್ಕೆ ನಿಂತರು. ಕಾರ್ಯದರ್ಶಿ ಗುಮಾಸ್ತರ ಕಡೆ ತಿರುಗಿ, "ಮತ್ತೆ ನೀವು? ಹೊತ್ಕೊಂಡು ಬಂದವರಾ?" ಎಂದು ಮೆತ್ತಗೆ ಕೇಳಿದರು.

ಗುಮಾಸ್ತರಿಗೆ ರೇಗಿತು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಬಾಯ್ಲರನ್ನು ಬಿಚ್ಚಿ ತಲೆಕೆಳಗು ಮಾಡಿ ಹಿಡಿದರು. ಬಣ್ಣ ತಾಗದ ಹೊಟ್ಟೆಯ ಭಾಗದಲ್ಲಿ, 'ಊಟದ ನಂತರ ಒಂದು ಮಾತ್ರೆ' ಎಂಬ ಅಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು. ಕಾರ್ಯದರ್ಶಿ ಅದನ್ನು ಗಟ್ಟಿಯಾಗಿ ಓದಿದರು. ಸಭಾಂಗಣವೆಲ್ಲ ನಕ್ಕಿತು. ಗುಮಾಸ್ತರು ಬಾಯ್ಲರನ್ನು ಮತ್ತೆ ಕೂರಿಸಿ ಇಂಜಿನ್ನನ್ನು ಹಳಿಗೆ ಬಿಟ್ಟರು. ಅದು ದೀಪ ಹೊತ್ತಿಸಿಕೊಂಡು, ಐದು ಬಂಡಿ ಎಳೆದುಕೊಂಡು, ಏರು ಹತ್ತಿ ತಿರುವು ದಾಟಿ ಬಂದು ಅವರ ಮುಂದೆಯೇ ನಿಂತಿತು. ನಗು ನಿಂತು ಚಪ್ಪಾಳೆ ಶುರುವಾಯಿತು. ಗುಮಾಸ್ತರ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

ಮೊದಲ ಬಹುಮಾನ ಅವರಿಗೇ ಬಂತು. ಬಹುಮಾನವೆಂದರೆ ಇನ್ನೊಂದು ಇಂಜಿನ್; ಪ್ಲಾಸ್ಟಿಕ್ಕಿನದು, ಕಾರ್ಖಾನೆಯಲ್ಲಿ ತಯಾರಾದದ್ದು.

ಸಂಜೆ ಮಾವ ಬಂದಾಗ ಎರಡೂ ಇಂಜಿನ್ನುಗಳು ಮೇಜಿನ ಮೇಲಿದ್ದವು.

"ಅಪ್ಪಾ, ಇವರಿಗೆ ಫಸ್ಟ್ ಪ್ರೈಜ್ ಬಂದಿದೆ. ಒಂದು ಇವರು ಮಾಡಿದ್ದು, ಇನ್ನೊಂದು ಬಹುಮಾನ," ಎಂದಳು ಗುಮಾಸ್ತರ ಹೆಂಡತಿ.

ಮಾವ ಹಸಿರು ಇಂಜಿನ್ನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ರಿವೆಟ್ಟುಗಳ ಮೇಲೆ ಉಗುರು ಓಡಿಸಿದರು. "ಆಹಾ, ಕೆಲಸ ಅಂದ್ರೆ ಇದು. ಬಹುಮಾನ ಕೊಟ್ಟವರು ದೊಡ್ಡ ಮನಸ್ಸಿನವರು."

ಹೆಂಡತಿ ಬಾಯಿ ತೆರೆದಳು. ಗುಮಾಸ್ತರು ಅವಳ ಕಾಲನ್ನು ಮೆಲ್ಲಗೆ ತುಳಿದರು. ಮಾವನ ಬಾಯಿಂದ ಇಂಥ ಮಾತು ಹುಟ್ಟಿದ್ದು ಇದೇ ಮೊದಲು. ಇನ್ನೊಂದೆರಡು ಬರಲಿ, ಆಮೇಲೆ ನಿಜ ಹೇಳಿದರಾಯಿತು ಎಂದುಕೊಂಡರು.

"ಈ ಚಕ್ರದ ಓಟ ನೋಡಿ ಅಳಿಯಂದಿರೇ, ಬೆಣ್ಣೆ ಬೆಣ್ಣೆ. ಇಷ್ಟು ವರ್ಷ ಲೇತ್ ಮುಂದೆ ನಿಂತ ನನಗೂ ಇಂಥ ಕೈ ಇಲ್ಲ."

"ಹೌದಾ ಮಾವ?" ಎಂದರು ಗುಮಾಸ್ತರು ಮುಖ ಅರಳಿಸಿ. "ಆ ಕೊಳವೆ ನೋಡಿದ್ರಾ?"

"ಅದನ್ನೇ ನೋಡ್ತಿದ್ದೀನಿ. ಮಾಡಿದವನ ಕೈಗೆ ಬಂಗಾರದ ಕಡಗ ಹಾಕಬೇಕು." ಮಾವ ಪ್ಲಾಸ್ಟಿಕ್ ಇಂಜಿನ್ನಿನ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮದೂ ಪರವಾಗಿಲ್ಲ. ಪ್ರಯತ್ನ ಬಿಡಬೇಡಿ."

ಹೀಗೆ ಹೇಳುತ್ತಲೇ ಹಸಿರು ಇಂಜಿನ್ನನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಇಳಿಸಿದರು. "ಇದು ನಮ್ಮ ಕಾರ್ಖಾನೆಯ ಗಾಜಿನ ಬೀರುವಿನಲ್ಲಿರಲಿ. ನೀವು ಕಷ್ಟಪಟ್ಟು ಮಾಡಿದ್ದನ್ನ ಕೇಳಿದ್ರೆ ತಪ್ಪಾಗುತ್ತೆ. ಇದು ಹೇಗೂ ಪುಕ್ಕಟೆ ಬಂದಿದ್ದು."

"ಮಾವ, ಅದನ್ನ ಮಾಡಿದ್ದು ನಾನೇ," ಎಂದರು ಗುಮಾಸ್ತರು.

"ಹೌದಪ್ಪಾ, ಇವರೇ ಮಾಡಿದ್ದು," ಎಂದಳು ಹೆಂಡತಿ ಕಾಲು ನೀವಿಕೊಳ್ಳುತ್ತ.

ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಳಿಯನ ಬೆನ್ನು ತಟ್ಟಿ, ಚೀಲವನ್ನು ಹೆಗಲಿಗೇರಿಸಿದರು.

"ಹಾಗಿದ್ರೆ ಒಳ್ಳೇದೇ ಆಯ್ತು. ಇನ್ನೊಂದು ಮಾಡ್ಕೊಳ್ಳೋದು ನಿಮಗೇನು ಕಷ್ಟ?"