ಬೆರಳ ತುದಿಯ ದೇವರಮನೆ

ಕುಷ್ಟಗಿಯಲ್ಲಿ ನಾವು ಕಟ್ಟಿಸುವ ಹೊಸ ಮನೆಯ ಈಶಾನ್ಯ ಮೂಲೆಯಲ್ಲಿ ದೇವರಮನೆಯೇ ಆಗಬೇಕು, ಸಾಕ್ಷಾತ್ ಬ್ರಹ್ಮನೇ ಬಂದು ಹೇಳಿದರೂ ಒಂದು ಗೇಣು ಆಚೀಚೆ ಆಗಕೂಡದು ಎಂದು ನಾನು ಶಪಥ ಮಾಡಿದ್ದೆ! ಬ್ರಹ್ಮ ಬರಲಿಲ್ಲ. ನಮ್ಮ ಯಜಮಾನರು ಬಂದರು.

“ಆ ಮೂಲ್ಯಾಗ ನನ್ನ ಗಾಡಿ ನಿಂದ್ರಸ್ತೀನಿ. ದೇವರಿಗೆ ಗ್ವಾಡಿಯಾಗ ಒಂದು ಗೂಡು ಸಾಕು.”

“ಗಾಡೀನ ಗೂಡಿನ್ಯಾಗ ನಿಂದ್ರಸ್ರಿ!”

ಗೆದ್ದವಳು ನಾನೇ.

ಇಂಜಿನಿಯರ್ ಮಲ್ಲೇಶ್ವರಿ ನನ್ನ ಮೊಬೈಲಿಗೆ ಇಡೀ ಮನೆಯನ್ನೇ ಕಳಿಸಿದಳು. ಇಟ್ಟಿಗೆಯದಲ್ಲ, ತ್ರೀಡಿಯದು! ಬೆರಳಾಡಿಸಿದರೆ ಮನೆ ಗಿರಗಿರ ತಿರುಗುತ್ತದೆ. ಬಾಗಿಲು ಒತ್ತಿದರೆ ಒಳಗೆ ಕರೆದೊಯ್ಯುತ್ತದೆ. ಕೋಣೆಯನ್ನು ಒತ್ತಿ ಎಳೆದರೆ ಕೋಣೆಯೇ ಸರಿಯುತ್ತದೆ.

“ಬದಲಿ ಮಾಡೋದಿದ್ರ ನೀವ ಮಾಡ್ರಿ ಅಕ್ಕಾ, ನನಗೂ ಇಲ್ಲಿ ಕಾಣಿಸ್ತೈತಿ” ಎಂದಳು.

ನಾನು ಸಾಲಿ ಕಲಿತದ್ದು ಅಷ್ಟಕ್ಕಷ್ಟೆ. ಆದರೂ ಯಾರನ್ನೂ ಕೇಳದೆ ಎಲ್ಲ ಕಲಿತುಬಿಟ್ಟೆ! ದಿನಾ ಸ್ನಾನ ಮುಗಿಸಿ, ಮೊಬೈಲಿನಲ್ಲಿ ನೇರ ದೇವರಮನೆ ಹೊಕ್ಕು, ಅಲ್ಲಿದ್ದ ದೇವರಿಗೆ ನನ್ನ ಬೇಡಿಕೆಗಳನ್ನೆಲ್ಲ ಹೇಳಿಕೊಂಡು, ನಮಸ್ಕಾರ ಮಾಡಿ ಬರುತ್ತಿದ್ದೆ. ಹೊರಗಿನಿಂದ ಮನೆ ನೋಡುವ ಗೋಜಿಗೇ ಹೋಗಲಿಲ್ಲ. ಗುಡಿಯೊಳಗೆ ನಿಂತವರು ಗುಡಿ ಎಲ್ಲಿದೆ ಎಂದು ಹುಡುಕುತ್ತಾರೆಯೇ?

ಪಾಯ ತೋಡುವ ದಿನ ಬಂತು. ಯಜಮಾನರ ಜೊತೆ ಅತ್ತೆಯವರನ್ನೂ ಕರೆದುಕೊಂಡು ಸೈಟಿಗೆ ಹೋದರೆ, ಸುಣ್ಣದ ಗೆರೆಗಳ ನಡುವೆ ಮಲ್ಲೇಶ್ವರಿ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದಳು.

“ಅಕ್ಕಾ, ಪಾಯಾ ತೋಡೂಕಿಂತ ಮದ್ಲ ಒಂದು ಮಾತು ಕೇಳ್ತೀನ್ರಿ. ದೇವರನ್ನ ಪಾಯಖಾನ್ಯಾಗ ಯಾಕ ಇಟ್ರಿ?”

ನಾನು ನೇರ ಯಜಮಾನರ ಮೇಲೆ ಎರಗಿದೆ.

“ಗಾಡಿ ಸಲುವಾಗಿ ದೇವರನ್ನ ದಬ್ಬೀರೇನ್ರಿ?”

“ದೇವರಾಣಿ, ನಾ ನಿನ್ನ ಫೋನ್ ಮುಟ್ಟಿಲ್ಲ!”

“ಯಾವ ದೇವರಾಣಿ? ಪಾಯಖಾನ್ಯಾಗ ಕುಂದ್ರಿಸಿದ ದೇವರಾಣೇನು?”

ಜಗಳ ಬೀದಿಗೆ ಬೀಳುವ ಮೊದಲೇ ಮಲ್ಲೇಶ್ವರಿ ನನ್ನ ಮೊಬೈಲ್ ಇಸಿದುಕೊಂಡು, ದೇವರಮನೆಯನ್ನು ಮತ್ತೆ ಈಶಾನ್ಯಕ್ಕೆ ತಂದು ಕೈಗಿತ್ತಳು. ನನಗೆ ಕಣ್ಣು ತುಂಬಿ ಬಂತು. “ತಪ್ಪಾತಪಾ ತಂದೆ!” ಎಂದು ದಿನದ ರೂಢಿಯಂತೆ ದೇವರ ಪಾದವನ್ನು ಬೆರಳಿನಿಂದ ಒತ್ತಿ, ಭಕ್ತಿಯಿಂದ ಕೆಳಗೆ ಸವರಿ, ಕಣ್ಣಿಗೊತ್ತಿಕೊಂಡೆ.

ಎಲ್ಲರ ಕಣ್ಣೆದುರೇ ಮೊಬೈಲಿನಲ್ಲಿ ದೇವರಮನೆ ಸರಕ್ಕನೆ ಪಾಯಖಾನೆಯ ಕಡೆ ಒಂದು ಹೆಜ್ಜೆ ಸರಿಯಿತು!

ಯಜಮಾನರು ಹೊಟ್ಟೆ ಹಿಡಿದುಕೊಂಡು ಸುಣ್ಣದ ಗೆರೆಯ ಮೇಲೆಯೇ ಕುಸಿದು ಕೂತರು. “ಯವ್ವಾ! ದಿನಾ ಮುಂಜಾನೆ ದೇವರನ್ನ ದಬ್ಬಿದಾಕಿ ನೀನ ಏನ!”

ಮಲ್ಲೇಶ್ವರಿ ನಗು ತಡೆದುಕೊಂಡು, “ಕೋಣಿಗೆ ಲಾಕ್ ಹಾಕ್ತೀನ್ರಿ ಅಕ್ಕಾ. ಇನ್ನ ನೀವು ಎಷ್ಟರ ಭಕ್ತಿ ಮಾಡ್ರಿ, ದೇವರು ಈಶಾನ್ಯ ಬಿಟ್ಟು ಅಳ್ಳಾಡಂಗಿಲ್ಲ” ಎಂದಳು.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಷ್ಟು ಹೊತ್ತು ಕಲ್ಲಿನ ಮೇಲೆ ಕೂತಿದ್ದ ಅತ್ತೆಯವರು ಎದ್ದು ಬಂದು ನನ್ನ ಬೆನ್ನು ಸವರಿದರು.

“ಹೋಗ್ಲಿ ಬಿಡ ಸುಮಂಗಲಾ. ದಿನಾ ತಾಸುಗಟ್ಲೆ ಏಳಾಕ ಬಿಡದ ಬೇಡಿಕಿ ಹೇಳ್ಕೋತ ಕುಂತ್ರ, ಪಾಪ, ದೇವರಿಗರ ಅವಸರ ಆಗಂಗಿಲ್ಲೇನ?”